ಹಿಮ್ಮಡಿಯ ಒಂದು ಹೊರಳು

1985ರ ಜುಲೈ. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯ 14ನೇ ಹಂತ ಸೇಂಟ್ ಎತಿಯೆನ್ ಪಟ್ಟಣದಲ್ಲಿ ಮುಗಿಯುವ ಹೊತ್ತು. ಗುರಿ ಇನ್ನೇನು ಬಂತು ಎನ್ನುವಾಗ ಸೈಕಲ್ಲಿಗೆ ಸೈಕಲ್ಲು ತಾಗಿ ಕೆಲವರು ಉರುಳಿದರು. ಅವರಲ್ಲಿ, ಮುನ್ನಡೆಯಲ್ಲಿರುವವನು ತೊಡುವ ಹಳದಿ ಅಂಗಿಯ ಬರ್ನಾರ್ ಇನೋ ಕೂಡ ಇದ್ದ. ಮೂಗು ಮುರಿದಿತ್ತು, ಮುಖದ ತುಂಬ ರಕ್ತ. ಎದ್ದು ಮತ್ತೆ ಸೈಕಲ್ ಹತ್ತಿ ಗೆರೆ ದಾಟಿದ. ಮುಂದಿನ ವಾರ ಪ್ಯಾರಿಸ್ಸಿನಲ್ಲಿ ಐದನೆಯ ಸಲ ಆ ಸ್ಪರ್ಧೆಯನ್ನು ಗೆದ್ದ.

ಅಂದಿನ ಚಿತ್ರಗಳಲ್ಲಿ ಎಲ್ಲರ ಕಣ್ಣು ಹೋಗುವುದು ಆ ಮೂಗಿನ ಮೇಲೆ. ಸೈಕಲ್ಲಿನ ಚರಿತ್ರೆ ಹುಡುಕುವವರು ಮಾತ್ರ ಕಾಲಿನ ಕಡೆ ನೋಡುತ್ತಾರೆ. ಮುಕ್ಕಾಲು ಶತಮಾನಕ್ಕೂ ಮಿಕ್ಕಿ ಪ್ರತಿ ಸ್ಪರ್ಧಿಯ ಪಾದವನ್ನು ಪೆಡಲಿಗೆ ಬಿಗಿದಿದ್ದ ಚರ್ಮದ ಪಟ್ಟಿ ಇನೋನ ಕಾಲಲ್ಲಿ ಇರಲಿಲ್ಲ. ಷೂವಿನ ಅಟ್ಟೆಗೆ ಕೂರಿಸಿದ ಒಂದು ಪ್ಲಾಸ್ಟಿಕ್ ತುಂಡು ಪೆಡಲಿನ ಸ್ಪ್ರಿಂಗ್ ಹಲ್ಲಿನಲ್ಲಿ ಕಚ್ಚಿಕೊಂಡಿತ್ತು. ಬಿಡಿಸಿಕೊಳ್ಳಲು ಕೈ ಬೇಕಿರಲಿಲ್ಲ. ಹಿಮ್ಮಡಿಯನ್ನು ಹೊರಗಡೆಗೆ ಸ್ವಲ್ಪ ಹೊರಳಿಸಿದರೆ ಸಾಕು, ಟಕ್ಕೆಂದು ಪಾದ ಬಿಡುಗಡೆ.

ಇದರ ಹೆಸರು ಕ್ಲಿಪ್‌ಲೆಸ್ ಪೆಡಲ್. ಹೊಸಬರಿಗೆ ಆ ಹೆಸರೇ ಗೊಂದಲ ತರುತ್ತದೆ. ಕಾಲನ್ನು ಹೀಗೆ ಗಟ್ಟಿಯಾಗಿ ಹಿಡಿಯುವ ವಸ್ತುವಿಗೆ ‘ಕ್ಲಿಪ್ಪಿಲ್ಲದ್ದು’ ಎಂದೇಕೆ ಕರೆಯಬೇಕು? ಇಲ್ಲಿ ಕ್ಲಿಪ್ಪು ಎಂದರೆ ಹಿಂದಿನ ಕಾಲದ ಪೆಡಲುಗಳ ಮುಂದೆ ಹೆಬ್ಬೆರಳನ್ನು ಬಳಸಿ ನಿಲ್ಲುತ್ತಿದ್ದ ಉಕ್ಕಿನ ಬುಟ್ಟಿ, ಅಂದರೆ ಟೋ ಕ್ಲಿಪ್. ಅದು ಹೋಯಿತು, ಹೋದದ್ದರ ಹೆಸರು ಹೊಸದಕ್ಕೆ ಅಂಟಿಕೊಂಡಿತು. ಈ ಪೆಡಲಿನ ಕಥೆಯನ್ನು ಕಾಲನ್ನು ಕಟ್ಟುವ ಉಪಾಯಗಳ ಕಥೆಯೆಂದು ಹೇಳುವುದು ವಾಡಿಕೆ. ಆದರೆ ಕಟ್ಟುವುದು ಯಾವ ಕಾಲಕ್ಕೂ ಕಷ್ಟವಾಗಿರಲಿಲ್ಲ. ಒಂದು ಹಗ್ಗ ಸಾಕಿತ್ತು. ಕಟ್ಟಿದ ಕಾಲನ್ನು ಬೀಳುವ ಮೊದಲು ಬಿಡಿಸುವುದು ಹೇಗೆ ಎಂಬುದೇ ಸುಮಾರು 90 ವರ್ಷ ಕಾಡಿದ ಪ್ರಶ್ನೆ.

ಇಲಿಬೋನು, ಬುಟ್ಟಿ, ಪಟ್ಟಿ

ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾನ್‌ಹೈಮ್ ಊರಿನಲ್ಲಿ ಓಡಿಸಿದ ಎರಡು ಚಕ್ರದ ಗಾಡಿಗೆ ಪೆಡಲೇ ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದು ಮುಂದೆ ಹೋಗಬೇಕಿತ್ತು. ಪೆಡಲು ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ. ಅದನ್ನು ಕಂಡುಹಿಡಿದ ಕೀರ್ತಿ ಪಿಯೆರ್ ಮಿಶೋ ಅವರದೋ ಪಿಯೆರ್ ಲಾಲ್‌ಮಾಂ ಅವರದೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಅಮೆರಿಕಕ್ಕೆ ಹೋದ ಲಾಲ್‌ಮಾಂ 1866ರಲ್ಲಿ ಅಲ್ಲಿ ಪೇಟೆಂಟ್ ಪಡೆದರು. ಆಗಿನ ಪೆಡಲು ಮುಂದಿನ ಚಕ್ರದ ನಡುವಿಗೇ ಸೇರಿತ್ತು. ಚಕ್ರ ತಿರುಗಿದಷ್ಟೂ ಪೆಡಲೂ ತಿರುಗುತ್ತಿತ್ತು. ಇಳಿಜಾರಿನಲ್ಲಿ ವೇಗ ಏರಿದಾಗ ಸವಾರರು ಕಾಲನ್ನು ಪೆಡಲಿನಿಂದ ಎತ್ತಿ ಗಾಳಿಯಲ್ಲಿ ಚಾಚಿ ಕೂರುತ್ತಿದ್ದರು. ಕಾಲು ಕಟ್ಟಿಕೊಳ್ಳುವ ಯೋಚನೆ ಆಗ ಯಾರಿಗೂ ಬರುವಂತಿರಲಿಲ್ಲ.

1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ ತಂದರು. ಎರಡೂ ಚಕ್ರ ಹೆಚ್ಚುಕಡಿಮೆ ಸಮ, ಪೆಡಲಿನಿಂದ ಹಿಂದಿನ ಚಕ್ರಕ್ಕೆ ಚೈನು. ಇಂದು ನಾವು ಸೈಕಲ್ಲು ಎಂದು ಕರೆಯುವ ಆಕಾರ ಅಲ್ಲಿಂದ ಬಂದದ್ದು. ಹೊಸ ಸೈಕಲ್ಲಿನ ಸವಾರ ವೇಗದ ಆಸೆಗೆ ಬಿದ್ದ. ನಿಮಿಷಕ್ಕೆ ನೂರು ಸುತ್ತು ತುಳಿಯುವಾಗ ಪಾದ ಜಾರಿದರೆ ಮೊಣಕಾಲ ಕೆಳಗಿನ ಮೂಳೆಗೆ ಪೆಡಲಿನ ಪೆಟ್ಟು ಖಂಡಿತ. ಜಾರದಿರಲಿ ಎಂದು ಪೆಡಲಿನ ಅಂಚಿಗೆ ಗರಗಸದಂಥ ಹಲ್ಲು ಕೊರೆದರು. ಇಂಗ್ಲಿಷರು ಅದನ್ನು ‘ಇಲಿಬೋನು’ ಎಂದು ಕರೆದರು. ಅದೂ ಸಾಲದಾದಾಗ ಪಾದ ಮುಂದೆ ಜಾರದಂತೆ ಉಕ್ಕಿನ ಬುಟ್ಟಿ, ಮೇಲೆ ಏಳದಂತೆ ಬಕಲ್ ಇರುವ ಚರ್ಮದ ಪಟ್ಟಿ ಬಂದವು.

ಈ ಜೋಡಿ 20ನೇ ಶತಮಾನದ ಬಹುಭಾಗವನ್ನು ಆಳಿತು. ದೊಡ್ಡ ಸವಾರರ ಹೆಸರು ಅವುಗಳ ಮೇಲೆ ಅಚ್ಚಾಯಿತು. ಫ್ರಾನ್ಸಿನಲ್ಲಿ ಕ್ಲಿಪ್ಪು ಎಂದರೆ ‘ಕ್ರಿಸ್ತೋಫ್’. ಆ ಹೆಸರಿನ ಒಡೆಯ ಯೂಜೀನ್ ಕ್ರಿಸ್ತೋಫ್, 1919ರಲ್ಲಿ ಟೂರ್ ದ ಫ್ರಾನ್ಸಿನ ಹಳದಿ ಅಂಗಿಯನ್ನು ಮೊಟ್ಟಮೊದಲು ತೊಟ್ಟವನು. 1913ರಲ್ಲಿ ತೂರ್ಮಾಲೆ ಬೆಟ್ಟದ ಇಳಿಜಾರಿನಲ್ಲಿ ಸೈಕಲ್ಲಿನ ಫೋರ್ಕು ಮುರಿದಾಗ, ಅದನ್ನು ಹೊತ್ತು ಮೈಲಿಗಟ್ಟಲೆ ನಡೆದು ಒಂದು ಹಳ್ಳಿಯ ಕುಲುಮೆಯಲ್ಲಿ ತಾನೇ ಬೆಸೆದುಕೊಂಡ ಮನುಷ್ಯ. ತಿದಿ ಒತ್ತಲು ಒಬ್ಬ ಹುಡುಗನ ನೆರವು ಪಡೆದನೆಂದು ಅವನಿಗೆ ದಂಡವನ್ನೂ ಹಾಕಿದರು. ಇಟಲಿಯಲ್ಲಿ ಪಟ್ಟಿ ಎಂದರೆ ‘ಬಿಂಡಾ’. ಅದು ಇಟಲಿಯ ಹೆಸರಾಂತ ಸವಾರ ಅಲ್ಫ್ರೆಡೊ ಬಿಂಡಾನ ಹೆಸರು.

ಪಟ್ಟಿ ಹಾಕುವುದಕ್ಕೂ ಒಂದು ಕೈಚಳಕವಿತ್ತು. ಪೆಡಲಿನ ಚೌಕಟ್ಟಿನೊಳಗೆ ಪಟ್ಟಿಯನ್ನು ತೂರಿಸುವಾಗ ಒಂದು ತಿರುವು ಕೊಡಬೇಕು. ಇಲ್ಲದಿದ್ದರೆ ಎಳೆದಾಗಲೆಲ್ಲ ಅದು ಜಾರುತ್ತದೆ. ಷೂವಿನ ಅಟ್ಟೆಗೆ ಒಂದು ಸೀಳು ಇರುವ ತುಂಡನ್ನು ಮೊಳೆ ಹೊಡೆದು ಕೂರಿಸುತ್ತಿದ್ದರು. ಪೆಡಲಿನ ಹಿಂದಿನ ತಗಡು ಆ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಇದೇ ಕ್ಲೀಟ್. ಅದನ್ನು ಎಲ್ಲಿ ಹೊಡೆಯಬೇಕು ಎಂಬುದನ್ನು ಪಾದವೇ ಹೇಳಬೇಕಿತ್ತು. ಹೊಸ ಚರ್ಮದ ಷೂ ಹಾಕಿ ಕೆಲವು ದಿನ ಸುಮ್ಮನೆ ಸೈಕಲ್ ತುಳಿಯುವುದು, ಅಟ್ಟೆಯ ಮೇಲೆ ಪೆಡಲಿನ ಗುರುತು ಮೂಡಿದ ಮೇಲೆ ಅದರ ಮೇಲೇ ಕ್ಲೀಟ್ ಇಟ್ಟು ಮೊಳೆ ಹೊಡೆಯುವುದು. ಸವಾರನ ನಡಿಗೆ, ಮೊಣಕಾಲಿನ ವಾಲಿಕೆ ಎಲ್ಲವೂ ಆ ಗುರುತಿನಲ್ಲಿ ಬಂದಿರುತ್ತಿತ್ತು. ಅಳತೆಯ ಈ ಪದ್ಧತಿಯಲ್ಲಿ ನಿಜವಾದ ಜಾಣತನವಿತ್ತು.

ತೊಂದರೆ ಇದ್ದದ್ದು ನಿಲ್ಲುವಾಗ. ಓಟದ ಕೊನೆಯ ಜಿಗಿತಕ್ಕೆ ಮೊದಲು ಸವಾರ ಬಗ್ಗಿ ಎರಡೂ ಪಟ್ಟಿ ಬಿಗಿಯುತ್ತಿದ್ದ. ಗೆರೆ ದಾಟಿದ ಮೇಲೆ ಮತ್ತೆ ಬಗ್ಗಿ ಬಕಲ್ ಸಡಿಲಿಸಬೇಕು, ಕಾಲನ್ನು ಮೇಲೆತ್ತಿ ಕ್ಲೀಟನ್ನು ಪೆಡಲಿನಿಂದ ಬಿಡಿಸಬೇಕು, ಹಿಂದಕ್ಕೆ ಎಳೆಯಬೇಕು. ನಡುವೆ ಬಿದ್ದರೆ ಇದಕ್ಕೆಲ್ಲ ಸಮಯವೆಲ್ಲಿ? ರಿಕಾಪಿನಲ್ಲಿ ಕಾಲು ಸಿಕ್ಕಿ ಕುದುರೆಯ ಹಿಂದೆ ಎಳೆದುಕೊಂಡು ಹೋಗುವ ಸವಾರನ ಪಾಡೇ ಸೈಕಲ್ಲಿನವನದೂ ಆಗುತ್ತಿತ್ತು.

ಕಾಲಕ್ಕೆ ಮುಂಚೆ ಬಂದ ಒಬ್ಬ, ಕೈಯಿಂದ ಬಿಡಿಸಿದ ಇನ್ನೊಬ್ಬ

ಅಚ್ಚರಿಯ ಸಂಗತಿ ಎಂದರೆ ಇದಕ್ಕೆ ಉತ್ತರ 1895ರಲ್ಲೇ ಸಿಕ್ಕಿತ್ತು. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಪೀಸ್ ಡೇಲ್ ಎಂಬ ಊರಿದೆ. ಉಣ್ಣೆ ಗಿರಣಿಯನ್ನು ನಂಬಿ ಬೆಳೆದ ಊರು. ಅಲ್ಲಿನ ಚಾರ್ಲ್ಸ್ ಹ್ಯಾನ್ಸನ್ ಆ ವರ್ಷ ಒಂದು ಪೆಡಲನ್ನು ರೂಪಿಸಿದರು. ಪಾದವನ್ನು ತಿರುಗಿಸಿದರೆ ಷೂ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ, ಮತ್ತೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಸಿಕ್ಕಿಕೊಂಡಿರುವಾಗಲೂ ಪಾದ ಅತ್ತಿತ್ತ ತುಸು ಆಡುವಷ್ಟು ಜಾಗ ಅದರಲ್ಲಿತ್ತು. ಇಂದಿನ ಪೆಡಲುಗಳ ಎರಡು ಮುಖ್ಯ ಗುಣಗಳೂ ಅಲ್ಲಿದ್ದವು. ಅಮೆರಿಕದಲ್ಲಿ ಸೈಕಲ್ಲಿನ ಹುಚ್ಚು ತಾರಕಕ್ಕೇರಿದ್ದ ದಿನಗಳವು. ಆದರೂ ಹ್ಯಾನ್ಸನ್ ಪೆಡಲು ಬೀದಿಗೆ ಇಳಿಯಲಿಲ್ಲ. ಬುಟ್ಟಿ ಮತ್ತು ಪಟ್ಟಿಯೇ ಗೆದ್ದವು.

ಮುಂದಿನ ದೊಡ್ಡ ಪ್ರಯತ್ನ ಬಂದದ್ದು ಮುಕ್ಕಾಲು ಶತಮಾನದ ನಂತರ, ಇಟಲಿಯಿಂದ. ಚೀನೊ ಚಿನೆಲ್ಲಿ ಸ್ವತಃ ದೊಡ್ಡ ಸವಾರ. 1943ರ ಮಿಲಾನ್–ಸಾನ್ ರೆಮೊ ಓಟ ಗೆದ್ದವರು. ಸ್ಪರ್ಧೆ ಬಿಟ್ಟ ಮೇಲೆ ಸೈಕಲ್ ಮತ್ತು ಬಿಡಿಭಾಗಗಳ ತಯಾರಿಗೆ ಇಳಿದರು. 1971ರಲ್ಲಿ ಅವರು ತಂದ ಎಂ71 ಪೆಡಲಿನಲ್ಲಿ ಪಟ್ಟಿಯಿಲ್ಲ, ಬುಟ್ಟಿಯಿಲ್ಲ. ಷೂವಿನ ಕ್ಲೀಟನ್ನು ಪೆಡಲಿನ ಸೀಳಿನೊಳಗೆ ಸರಿಸಿ ಒಂದು ಸನ್ನೆಯನ್ನು ತಳ್ಳಿದರೆ ಬೀಗ ಬಿತ್ತು. ಹಿಡಿತ ಪಟ್ಟಿಗಿಂತ ಎಷ್ಟೋ ಗಟ್ಟಿ, ನೋಡಲೂ ಚೆಂದ. ಬೀಗ ತೆಗೆಯಲು ಮಾತ್ರ ಸವಾರ ಬಗ್ಗಿ ಕೈಯಿಂದಲೇ ಸನ್ನೆ ಎಳೆಯಬೇಕು. ಸವಾರರ ಬಾಯಲ್ಲಿ ಅದಕ್ಕೆ ‘ಸಾವಿನ ಪೆಡಲು’ ಎಂಬ ಹೆಸರು ಬಿತ್ತು. ಟ್ರ್ಯಾಕಿನಲ್ಲಿ, ಒಬ್ಬೊಬ್ಬರೇ ಓಡುವ ಪಂದ್ಯಗಳಲ್ಲಿ ಕೆಲವರು ಬಳಸಿದರು. ಗುಂಪಿನಲ್ಲಿ ಭುಜಕ್ಕೆ ಭುಜ ತಾಗಿಸಿ ಓಡುವವರು ಅದನ್ನು ಮುಟ್ಟಲಿಲ್ಲ. ಕಟ್ಟುವ ವಿದ್ಯೆಯಲ್ಲಿ ಚಿನೆಲ್ಲಿ ಎಲ್ಲರನ್ನೂ ಮೀರಿಸಿದ್ದರು. ಬಿಡಿಸುವ ವಿದ್ಯೆ ಇನ್ನೂ ಕೈಯಲ್ಲೇ ಉಳಿದಿತ್ತು.

ಹಿಮದಿಂದ ಬಂದ ಉತ್ತರ

ಉತ್ತರ ಕೊನೆಗೆ ಬಂದದ್ದು ಸೈಕಲ್ಲಿನವರಿಂದ ಅಲ್ಲ, ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರುವವರಿಂದ. ಅವರದೂ ಇದೇ ಸಂಕಟ. ಬೂಟನ್ನು ಸ್ಕೀಗೆ ಉಕ್ಕಿನ ಪಟ್ಟಿಯಿಂದ ಬಿಗಿದುಕೊಂಡವರು ಬಿದ್ದಾಗ ಉದ್ದನೆಯ ಸ್ಕೀ ಒಂದು ಕಡೆ ತಿರುಚಿ, ಕಾಲಿನ ಮೂಳೆ ಮುರಿಯುತ್ತಿತ್ತು. ಸೈಕಲ್ಲಿನವರು ‘ಇಲಿಬೋನು’ ಎಂದಂತೆ ಇವರು ಆ ಹಿಡಿಕೆಯನ್ನು ‘ಕರಡಿಬೋನು’ ಎಂದು ಕರೆದರು. ಫ್ರಾನ್ಸಿನ ಜಾನ್ ಬೇಲ್ ಹೀಗೆಯೇ ಕಾಲು ಮುರಿದುಕೊಂಡವರು. ಸಾಧಾರಣ ಎಳೆತಕ್ಕೆ ಗಟ್ಟಿಯಾಗಿ ಹಿಡಿದಿದ್ದು, ಅಪಾಯದ ತಿರುಚುವಿಕೆ ಬಂದಾಗ ತಾನಾಗಿ ಬಿಡುವ ಸ್ಪ್ರಿಂಗ್ ಹಿಡಿಕೆಯನ್ನು ಅವರು ರೂಪಿಸಿದರು. ಆ ಹಿಡಿಕೆಗಾಗಿ ಲುವಾರ್ ನದಿಯ ದಡದ ನೆವೆರ್ ಪಟ್ಟಣದಲ್ಲಿ 1951ರಲ್ಲಿ ‘ಲುಕ್’ ಕಂಪನಿ ಹುಟ್ಟಿತು. ಅದುವರೆಗೆ ಬಣ್ಣದ ಪಿಂಗಾಣಿಗೆ ಹೆಸರಾಗಿದ್ದ ಊರು ಸ್ಕೀ ಹಿಡಿಕೆಗೂ ಹೆಸರಾಯಿತು.

1983ರಲ್ಲಿ ಲುಕ್ ಕಂಪನಿಯನ್ನು ಬರ್ನಾರ್ ತಾಪಿ ಕೊಂಡರು. ಸೋತ ಕಂಪನಿಗಳನ್ನು ಕೊಂಡು ಎತ್ತಿ ನಿಲ್ಲಿಸುವುದು ತಾಪಿಯವರ ವ್ಯವಹಾರ. ಅದೇ ವರ್ಷ ಇನೋ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಟೂರ್ ದ ಫ್ರಾನ್ಸಿಗೆ ಇಳಿಯಲಾಗದೆ ಹಳೆಯ ತಂಡವನ್ನೂ ಬಿಟ್ಟಿದ್ದ. ತಾಪಿ ಅವನಿಗಾಗಿ 1984ರಲ್ಲಿ ‘ಲಾ ವಿ ಕ್ಲೇರ್’ ಎಂಬ ಹೊಸ ತಂಡ ಕಟ್ಟಿದರು. ಅದು ಅವರದೇ ಆಹಾರದಂಗಡಿಗಳ ಹೆಸರು. ಒಂದು ಕೈಯಲ್ಲಿ ಸ್ಕೀ ಹಿಡಿಕೆಯ ಕಾರ್ಖಾನೆ, ಇನ್ನೊಂದು ಕೈಯಲ್ಲಿ ಫ್ರಾನ್ಸಿನ ಅತಿ ದೊಡ್ಡ ಸವಾರ. 1984ರಲ್ಲಿ ಬೇಲ್ ಅವರ ತತ್ವದ ಮೇಲೆ ಪಿಪಿ65 ಎಂಬ ಪೆಡಲು ಸಿದ್ಧವಾಯಿತು.

ಅದರ ರಚನೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಷೂವಿನ ಅಡಿಗೆ ಮೂರು ಬೋಲ್ಟಿನಿಂದ ಕೂರಿಸಿದ ಮುಕ್ಕೋನದ ಪ್ಲಾಸ್ಟಿಕ್ ಕ್ಲೀಟ್. ಅದರ ಮೂತಿಯನ್ನು ಪೆಡಲಿನ ಮುಂದಿನ ತುಟಿಯಡಿ ತೂರಿಸಿ ಕಾಲು ಒತ್ತಿದರೆ, ಹಿಂದಿನ ಸ್ಪ್ರಿಂಗ್ ದವಡೆ ಬಾಯಿ ತೆರೆದು ಮುಚ್ಚಿಕೊಳ್ಳುತ್ತದೆ. ಮೇಲೆಳೆದರೆ ಬರುವುದಿಲ್ಲ, ಮುಂದಕ್ಕೆ ತಳ್ಳಿದರೆ ಜಾರುವುದಿಲ್ಲ. ಹಿಮ್ಮಡಿಯನ್ನು ಹೊರಗೆ ಹೊರಳಿಸಿದರೆ ಮಾತ್ರ ಬಿಡುತ್ತದೆ. ಸೈಕಲ್ ತುಳಿಯುವಾಗ ಕಾಲು ಅಷ್ಟು ದೂರ ಹೊರಳುವುದಿಲ್ಲ. ಬೀಳುವಾಗ ಮಾತ್ರ ದೇಹ ತಾನಾಗಿ ತಿರುಚಿಕೊಳ್ಳುತ್ತದೆ. ಸ್ಕೀಯಿಂದ ಕಲಿತ ಪಾಠ ಇದೇ.

1985ರಲ್ಲಿ ಇನೋ ಗೆದ್ದ, 1986ರಲ್ಲಿ ಅದೇ ತಂಡದ ಗ್ರೆಗ್ ಲೆಮಾಂಡ್ ಗೆದ್ದು ಟೂರ್ ದ ಫ್ರಾನ್ಸ್ ಗೆದ್ದ ಮೊದಲ ಅಮೆರಿಕನ್ನನಾದ. ಅನುಮಾನ ಕರಗಿತು. ಆ ದಶಕ ಮುಗಿಯುವುದರೊಳಗೆ ಪಟ್ಟಿ ಹಳೆಯದಾಯಿತು. ಐರ್ಲೆಂಡಿನ ಶಾನ್ ಕೆಲಿಯಂಥ ಕೆಲವು ದೊಡ್ಡವರು ಮಾತ್ರ ತಮಗೊಗ್ಗಿದ ಪಟ್ಟಿಯನ್ನು ಬಹುಕಾಲ ಬಿಡಲಿಲ್ಲ. ಜಪಾನಿನ ಕೇರಿನ್ ಓಟದಲ್ಲಿ ಇಂದಿಗೂ ಉಕ್ಕಿನ ಸೈಕಲ್ಲು, ಬುಟ್ಟಿ, ಪಟ್ಟಿಯೇ ನಿಯಮ.

ಮೊಣಕಾಲಿನ ತಕರಾರು

ಹೊಸ ಪೆಡಲು ಪಾದವನ್ನು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ ಮೊಣಕಾಲುಗಳು ನೋಯತೊಡಗಿದವು. ತುಳಿಯುವಾಗ ಪ್ರತಿ ಸುತ್ತಿನಲ್ಲೂ ಹಿಮ್ಮಡಿ ಸಹಜವಾಗಿ ಒಂದಿಷ್ಟು ಒಳಕ್ಕೆ, ಒಂದಿಷ್ಟು ಹೊರಕ್ಕೆ ಹೊರಳುತ್ತದೆ. ಅದನ್ನು ತಡೆದರೆ ಆ ತಿರುಚುವ ಬಲ ಮೊಣಕಾಲಿಗೆ ಹೋಗುತ್ತದೆ. ಒಂದು ಗಂಟೆಗೆ ಐದು ಸಾವಿರಕ್ಕೂ ಹೆಚ್ಚು ಸಲ ತುಳಿಯುವವನಿಗೆ ಕ್ಲೀಟ್ ಒಂದೆರಡು ಡಿಗ್ರಿ ಓರೆಯಾದರೂ ಅದು ಸಣ್ಣ ತಪ್ಪಲ್ಲ.

ಹ್ಯಾನ್ಸನ್ ಪೆಡಲಿನಲ್ಲಿದ್ದ ಆಡುವ ಜಾಗಕ್ಕೆ ಈಗ ಬೆಲೆ ಬಂತು. ಸವಾರರು ಅದನ್ನು ‘ಫ್ಲೋಟ್’ ಎನ್ನುತ್ತಾರೆ. ಲುಕ್ ಬಿಟ್ಟ ಜಾನ್ ಬೇಲ್, ರೋಲಾಂ ಕಾತಾಂ ಜೊತೆ ಸೇರಿ 1987ರಲ್ಲಿ ‘ಟೈಮ್’ ಕಂಪನಿ ಶುರುಮಾಡಿದರು. ಪಾದ ಹೊರಳಲು ಬಿಡುವ ಪೆಡಲು ಅದರ ಹೆಗ್ಗಳಿಕೆ. ಕ್ಯಾಲಿಫೋರ್ನಿಯಾದ ರಿಚರ್ಡ್ ಬ್ರೈನ್ ‘ಸ್ಪೀಡ್‌ಪ್ಲೇ’ ಪೆಡಲಿನಲ್ಲಿ ಇಡೀ ಕಲ್ಪನೆಯನ್ನೇ ತಿರುವಿ ಹಾಕಿದರು. ಪೆಡಲು ಬರಿಯ ಗುಂಡನೆಯ ಬಿಲ್ಲೆ, ಸ್ಪ್ರಿಂಗ್ ಷೂವಿನ ಕ್ಲೀಟಿನೊಳಗೆ. ಉಳಿದವರೂ ದಾರಿ ಬದಲಿಸಿದರು.

ಈ ಪಾಠ ಇಂದು ಬಣ್ಣವಾಗಿ ಅಂಗಡಿಯಲ್ಲಿ ಸಿಗುತ್ತದೆ. ಲುಕ್ ಕಂಪನಿಯ ಕಿಯೊ ಕ್ಲೀಟಿನಲ್ಲಿ ಕಪ್ಪು ಎಂದರೆ ಫ್ಲೋಟ್ ಇಲ್ಲ, ಬೂದು ಎಂದರೆ 4.5 ಡಿಗ್ರಿ, ಕೆಂಪು ಎಂದರೆ 9 ಡಿಗ್ರಿ. ಶಿಮಾನೊ ಕಂಪನಿಯ ರಸ್ತೆ ಪೆಡಲುಗಳಲ್ಲಿ ಕೆಂಪು ಎಂದರೆ ಸೊನ್ನೆ, ನೀಲಿ 2, ಹಳದಿ 6 ಡಿಗ್ರಿ. ಒಂದರಲ್ಲಿ ಅತಿ ಸಡಿಲವಾದ ಕೆಂಪು ಇನ್ನೊಂದರಲ್ಲಿ ಅತಿ ಬಿಗಿ. ಬಣ್ಣ ನಂಬಿ ಕೊಳ್ಳುವ ಮೊದಲು ಯಾವ ಕಂಪನಿಯದೆಂದು ನೋಡಲೇಬೇಕು.

ಕೋವಿ ಮಾಡಿದ ಊರಿನ ಪೆಡಲು

ಲುಕ್ ಪೆಡಲು ರಸ್ತೆಗೆ ಹೇಳಿ ಮಾಡಿಸಿದ್ದು. ಇಳಿದು ನಡೆಯುವುದು ಕಷ್ಟ. ಅಟ್ಟೆಯಿಂದ ಹೊರಚಾಚಿದ ಪ್ಲಾಸ್ಟಿಕ್ ತುಂಡು ನಯವಾದ ನೆಲದಲ್ಲಿ ಜಾರುತ್ತದೆ, ಕಲ್ಲಿನಲ್ಲಿ ಸವೆಯುತ್ತದೆ, ಕೆಸರಿನಲ್ಲಿ ಮುಚ್ಚಿಹೋಗುತ್ತದೆ. 1980ರ ದಶಕದಲ್ಲಿ ಬೆಟ್ಟದ ಸೈಕಲ್ ಏರಿದವರು ಹತ್ತುವುದು, ಇಳಿಯುವುದು, ಸೈಕಲ್ ಹೊತ್ತು ನಡೆಯುವುದು ಎಲ್ಲವನ್ನೂ ಮಾಡಬೇಕಿತ್ತು.

ಅವರಿಗೆ ದಾರಿ ತೋರಿದ್ದು ಜಪಾನಿನ ಒಸಾಕಾ ಬಳಿಯ ಸಕಾಯ್ ನಗರ. 16ನೇ ಶತಮಾನದಲ್ಲಿ ಅಲ್ಲಿನ ಕಮ್ಮಾರರು ಬತ್ತಿ ಕೋವಿಗೆ ಹೆಸರಾಗಿದ್ದರು. ಚಾಕು–ಕತ್ತಿಗಳಿಗೆ ಆ ಊರು ಇಂದಿಗೂ ಪ್ರಸಿದ್ಧ. ಕೋವಿಯ ಕಾಲ ಮುಗಿದ ಮೇಲೆ ಉಕ್ಕಿನ ಕೈಕೆಲಸ ಸೈಕಲ್ ರಿಪೇರಿಗೆ, ಬಿಡಿಭಾಗಗಳಿಗೆ ತಿರುಗಿತು. ಅಲ್ಲಿ 1921ರಲ್ಲಿ ಶೋಜಾಬುರೊ ಶಿಮಾನೊ ಕಾರ್ಖಾನೆ ತೆರೆದರು. 1990ರಲ್ಲಿ ಆ ಕಂಪನಿ ಎಂ737 ಪೆಡಲನ್ನು ತಂದಿತು. ಅದರ ಪದ್ಧತಿಗೆ ಎಸ್‌ಪಿಡಿ ಎಂದು ಹೆಸರು. ಹೆಬ್ಬೆರಳಿನಗಲದ ಉಕ್ಕಿನ ಕ್ಲೀಟ್, ಎರಡೇ ಬೋಲ್ಟು, ರಬ್ಬರ್ ಅಟ್ಟೆಯ ಹಳ್ಳದೊಳಗೆ ಅಡಗಿ ಕೂರುತ್ತದೆ. ನಡೆದರೆ ನೆಲಕ್ಕೆ ತಾಗುವುದು ರಬ್ಬರು. ಪೆಡಲಿನ ಎರಡು ಮುಖದಲ್ಲೂ ದವಡೆ ಇರುವುದರಿಂದ ಯಾವ ಕಡೆ ತುಳಿದರೂ ಕಚ್ಚಿಕೊಳ್ಳುತ್ತದೆ. ಇಂದು ಜಿಮ್ಮುಗಳಲ್ಲಿ ನಿಂತಲ್ಲೇ ತುಳಿಯುವ ಸೈಕಲ್ಲುಗಳಲ್ಲಿಯೂ ಬಹುಮಟ್ಟಿಗೆ ಇದೇ ಪದ್ಧತಿ. 2001ರಲ್ಲಿ ಕ್ಯಾಲಿಫೋರ್ನಿಯಾದ ಕ್ರ್ಯಾಂಕ್ ಬ್ರದರ್ಸ್ ‘ಎಗ್‌ಬೀಟರ್’ ತಂದರು. ಮೊಟ್ಟೆ ಕಡೆಯುವ ಕಡ್ಡಿಯ ಆಕಾರ, ನಾಲ್ಕು ಬದಿಯಿಂದಲೂ ಕಾಲಿಡಬಹುದು, ನಡುವೆ ಕೆಸರು ನಿಲ್ಲಲು ಜಾಗವೇ ಇಲ್ಲ.

ಕೂರಿಸುವ ಕೆಲಸ

ಈ ಪೆಡಲುಗಳನ್ನು ಸೈಕಲ್ಲಿಗೆ ಹಾಕುವಾಗ ಅವುಗಳ ಚರಿತ್ರೆಯೆಲ್ಲ ಕೈಗೆ ತಾಗುತ್ತದೆ. ಮೊದಲನೆಯದು ಥ್ರೆಡ್. ಪೆಡಲಿನ ಅಚ್ಚಿನ ತಿರುಪು 9/16 ಇಂಚು, ಇಂಚಿಗೆ 20 ಸುತ್ತು. ಇಂಗ್ಲಿಷರ ಅಳತೆ ಅದು. ಫ್ರೆಂಚರು ಬಹುಕಾಲ 14 ಮಿಲಿಮೀಟರ್ ಅಳತೆ ಇಟ್ಟುಕೊಂಡಿದ್ದರು. ವ್ಯತ್ಯಾಸ ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ಹಳೆಯ ಫ್ರೆಂಚ್ ಸೈಕಲ್ಲಿಗೆ ಹೊಸ ಪೆಡಲನ್ನು ಬಲವಂತವಾಗಿ ತಿರುಗಿಸಿದರೆ ಪೆಡಲನ್ನು ಹೊತ್ತ ತೋಳಿನ, ಅಂದರೆ ಕ್ರ್ಯಾಂಕಿನ, ಥ್ರೆಡ್ಡೇ ಹೋಗುತ್ತದೆ.

ಎರಡನೆಯದು ಎಡ–ಬಲ. ಬಲಗಡೆಯ ಪೆಡಲಿಗೆ ಸಾಮಾನ್ಯ ತಿರುಪು, ಎಡಗಡೆಯದಕ್ಕೆ ಉಲ್ಟಾ ತಿರುಪು. ಅದೇಕೆ ಎಂದು ತಿಳಿಯಲು ಒಂದು ಪೆನ್ಸಿಲ್ ಸಾಕು. ಬೆರಳುಗಳಿಂದ ಉಂಗುರ ಮಾಡಿ ಪೆನ್ಸಿಲನ್ನು ಸಡಿಲವಾಗಿ ಹಿಡಿದು, ಅದರ ಹೊರತುದಿಯನ್ನು ವೃತ್ತಾಕಾರವಾಗಿ ಸುತ್ತಿಸಿದರೆ ಪೆನ್ಸಿಲ್ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಪೆಡಲಿನ ಅಚ್ಚೂ ಕ್ರ್ಯಾಂಕಿನ ತೂತಿನಲ್ಲಿ ಕಣ್ಣಿಗೆ ಕಾಣದಷ್ಟು ಹಾಗೆಯೇ ಹೊರಳುತ್ತದೆ. ಎರಡೂ ಕಡೆ ಒಂದೇ ತಿರುಪಿದ್ದರೆ ಎಡಗಡೆಯದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ವಿಮಾನ ಹಾರಿಸುವ ಮೊದಲು ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು 1900ರಲ್ಲಿ ಎಡಕ್ಕೆ ಎಡ ತಿರುಪು, ಬಲಕ್ಕೆ ಬಲ ತಿರುಪಿನ ಪೆಡಲನ್ನು ಬಿಚ್ಚಿಹೋಗದ ಪೆಡಲೆಂದು ತಮ್ಮ ಗಿರಾಕಿಗಳಿಗೆ ಸಾರಿದ್ದರು. ನೆನಪಿಡಲು ಮೆಕ್ಯಾನಿಕ್ಕರು ಸುಲಭ ದಾರಿ ಹೇಳುತ್ತಾರೆ: ಸ್ಪ್ಯಾನರ್ ಮೇಲ್ಮುಖವಾಗಿರುವಾಗ ಎರಡೂ ಕಡೆ ಮುಂದಿನ ಚಕ್ರದತ್ತ ತಿರುಗಿಸಿದರೆ ಬಿಗಿ, ಹಿಂದಿನ ಚಕ್ರದತ್ತ ತಿರುಗಿಸಿದರೆ ಸಡಿಲ.

ಹಳೆ ಪೆಡಲು ತೆಗೆಯಲು 15 ಮಿಲಿಮೀಟರಿನ ತೆಳು ಸ್ಪ್ಯಾನರ್ ಬೇಕು. ಹೊಸ ಪೆಡಲುಗಳಲ್ಲಿ ಹಲವಕ್ಕೆ ಅಚ್ಚಿನ ಒಳಗಡೆಯಿಂದ 6 ಅಥವಾ 8 ಮಿಲಿಮೀಟರಿನ ಅಲೆನ್ ಕೀ ಹಾಕಬೇಕು. ಥ್ರೆಡ್ಡಿಗೆ ಗ್ರೀಸ್ ಸವರದೆ ಪೆಡಲು ಹಾಕಬಾರದು. ಅಲ್ಯೂಮಿನಿಯಮ್ ಕ್ರ್ಯಾಂಕು ಮತ್ತು ಉಕ್ಕಿನ ಅಚ್ಚು ಮಳೆ ನೀರು, ಬೆವರಿನ ಉಪ್ಪು ಸೇರಿ ಒಂದಕ್ಕೊಂದು ಹಿಡಿದುಕೊಂಡರೆ ಮುಂದೆ ಯಾವ ಸ್ಪ್ಯಾನರಿಗೂ ಜಗ್ಗುವುದಿಲ್ಲ. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಸುಲಭವಾಗಿ ಹೋಗದಿದ್ದರೆ ಎಡ–ಬಲ ಅದಲುಬದಲಾಗಿದೆ, ಇಲ್ಲವೇ ಓರೆಯಾಗಿದೆ. ಶಿಮಾನೊ ಹೇಳುವ ಬಿಗಿತ 35ರಿಂದ 55 ನ್ಯೂಟನ್ ಮೀಟರ್. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಕಡಿಮೆಯೆಂದರೂ 18 ಕಿಲೋ ಭಾರ ಹಾಕಿದಷ್ಟು.

ಕ್ಲೀಟ್ ಕೂರಿಸುವುದು ಇದಕ್ಕಿಂತ ನಾಜೂಕು. ಮೊಳೆಯ ಕಾಲದಲ್ಲಿ ಅಟ್ಟೆಯ ಮೇಲೆ ಪೆಡಲಿನ ಗುರುತು ಹುಡುಕಿದಂತೆ ಇಂದು ಹೆಬ್ಬೆರಳಿನ ಬುಡದ ಉಬ್ಬಿದ ಮೂಳೆಯನ್ನು ಹುಡುಕುತ್ತಾರೆ. ಷೂ ಹಾಕಿಕೊಂಡು ಆ ಮೂಳೆಯ ಜಾಗವನ್ನು ಹೊರಗಿನಿಂದ ಗುರುತಿಸಿ, ಪೆಡಲಿನ ಅಚ್ಚು ಅದರ ಕೆಳಗೆ, ಇಲ್ಲವೇ ತುಸು ಹಿಂದೆ ಬರುವಂತೆ ಕ್ಲೀಟ್ ಇಡುತ್ತಾರೆ. ಬೋಲ್ಟಿಗೆ ಗ್ರೀಸ್ ಹಚ್ಚಿ 5ರಿಂದ 6 ನ್ಯೂಟನ್ ಮೀಟರಿಗೆ ಬಿಗಿಯುತ್ತಾರೆ. ಸಡಿಲ ಬಿಟ್ಟರೆ ದೊಡ್ಡ ಅಪಾಯವಿದೆ. ಹಿಮ್ಮಡಿ ಹೊರಳಿಸಿದಾಗ ಕ್ಲೀಟ್ ಪೆಡಲಿನಲ್ಲೇ ಉಳಿದು ಷೂ ಮಾತ್ರ ತಿರುಗುತ್ತದೆ, ಕಾಲು ಬಿಡುವುದೇ ಇಲ್ಲ. ‘ಸಾವಿನ ಪೆಡಲು’ ಕೊಟ್ಟ ಭಯ ಒಂದು ಸಡಿಲ ಬೋಲ್ಟಿನಲ್ಲಿ ಮರಳಿ ಬರುತ್ತದೆ.

ಕೊನೆಗೆ ಸ್ಪ್ರಿಂಗ್. ಎಸ್‌ಪಿಡಿ ಪೆಡಲಿನ ದವಡೆಯ ಹಿಂದೆ 3 ಮಿಲಿಮೀಟರಿನ ಅಲೆನ್ ಕೀ ಹಿಡಿಸುವ ಒಂದು ಸ್ಕ್ರೂ ಇರುತ್ತದೆ. ಹೊಸಬರು ಅದನ್ನು ಆದಷ್ಟು ಸಡಿಲಿಸಿಕೊಂಡು ಶುರುಮಾಡಬೇಕು. ಹೊಸಬರಿಗೆಂದೇ ಶಿಮಾನೊ ಎಸ್‌ಎಚ್56 ಎಂಬ ಬೇರೆ ಕ್ಲೀಟ್ ಮಾಡುತ್ತದೆ. ಸಾಮಾನ್ಯ ಎಸ್‌ಎಚ್51 ಪಕ್ಕಕ್ಕೆ ಹೊರಳಿಸಿದರೆ ಬಿಡುತ್ತದೆ. ಎಸ್‌ಎಚ್56 ಗಾಬರಿಯಲ್ಲಿ ಕಾಲನ್ನು ಓರೆಯಾಗಿ ಮೇಲೆಳೆದರೂ ಬಿಡುತ್ತದೆ.

ಕಾಪಾಡುವ ಕೆಲಸ

ಪಟ್ಟಿಯ ಕಾಲದ ಸವಾರ ಚರ್ಮಕ್ಕೆ ಎಣ್ಣೆ ಹಚ್ಚುತ್ತಿದ್ದ, ಬಿರುಕು ಬಿಟ್ಟ ಪಟ್ಟಿಯನ್ನು ಓಟಕ್ಕೆ ಮೊದಲೇ ಬದಲಿಸುತ್ತಿದ್ದ. ಇಂದು ಸವೆಯುವುದು ಕ್ಲೀಟ್. ರಸ್ತೆ ಷೂವಿನ ಪ್ಲಾಸ್ಟಿಕ್ ಕ್ಲೀಟ್ ನಡೆದಷ್ಟೂ ಸವೆಯುತ್ತದೆ. ಬೇರೆ ಬಣ್ಣದ ತುದಿಗಳು ಅಳಿಸಿಹೋದಾಗ ಬದಲಿಸುವ ಹೊತ್ತು ಬಂತೆಂದು ತಿಳಿಯಬೇಕು. ಎಗ್‌ಬೀಟರಿನ ಹಿತ್ತಾಳೆ ಕ್ಲೀಟ್ ಮೆತ್ತಗೆ, ಬೇಗ ಸವೆಯುತ್ತದೆ. ಪೆಡಲಿನ ಉಕ್ಕು ಉಳಿಯಲಿ ಎಂದು ಅಗ್ಗದ ಕ್ಲೀಟ್ ತಾನು ಸವೆಯುತ್ತದೆ. ಹಳೆ ಕ್ಲೀಟ್ ತೆಗೆಯುವ ಮೊದಲು ಅಟ್ಟೆಯ ಮೇಲೆ ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದುಕೊಂಡರೆ ಹೊಸದು ಅದೇ ಜಾಗಕ್ಕೆ ಬರುತ್ತದೆ, ಮೊಣಕಾಲು ತಕರಾರು ಮಾಡುವುದಿಲ್ಲ.

ಕೆಸರು ದವಡೆಯಲ್ಲಿ ಒಣಗಲು ಬಿಡಬಾರದು. ಬ್ರಷ್ಷಿನಿಂದ ಉಜ್ಜಿ, ದವಡೆಯ ಕೀಲಿಗೆ ಒಂದೆರಡು ಹನಿ ಒಣ ಜಾತಿಯ ಎಣ್ಣೆ ಬಿಟ್ಟು ಹೆಚ್ಚಾದದ್ದನ್ನು ಒರೆಸಬೇಕು. ಜಿಗುಟು ಎಣ್ಣೆ ದೂಳು ಹಿಡಿದು ಅರದಂತೆ ತಿನ್ನುತ್ತದೆ. ಜೋರು ನೀರಿನ ಪೈಪನ್ನು ಪೆಡಲಿನ ಅಚ್ಚಿಗೆ ನೇರ ಹಿಡಿದರೆ ಸೀಲು ದಾಟಿ ನೀರು ಬೇರಿಂಗಿಗೆ ಇಳಿಯುತ್ತದೆ. ಬೇರಿಂಗ್ ಹೇಗಿದೆಯೆಂದು ನೋಡಲು ಪೆಡಲನ್ನು ಕೈಯಲ್ಲಿ ತಿರುಗಿಸಿ, ಆಮೇಲೆ ಅಲ್ಲಾಡಿಸಬೇಕು. ಗರಗರ ಎಂದರೆ ಒಳಗೆ ದೂಳು ಸೇರಿದೆ. ಲಟಲಟ ಎಂದರೆ ಬೇರಿಂಗನ್ನು ಹಿಡಿದಿಡುವ ಕೋನು ಸಡಿಲವಾಗಿದೆ. ಶಿಮಾನೊದ ಹಲವು ಪೆಡಲುಗಳಲ್ಲಿ ಪ್ಲಾಸ್ಟಿಕ್ ತಿರುಪನ್ನು ಅದಕ್ಕೆಂದೇ ಮಾಡಿದ ಟೂಲಿನಿಂದ ಬಿಚ್ಚಿದರೆ ಬಾಲ್ಸುಗಳ ಸಮೇತ ಅಚ್ಚು ಹೊರಬರುತ್ತದೆ. ಟೊಳ್ಳಿಗೆ ಹೊಸ ಗ್ರೀಸ್ ತುಂಬಿ ಅಚ್ಚನ್ನು ಮರಳಿ ತಿರುಗಿಸಿದರೆ ಒಳಗಿನ ಕಪ್ಪು ಗ್ರೀಸನ್ನು ಹೊಸದು ಹೊರಕ್ಕೆ ತಳ್ಳುತ್ತದೆ.

ಕಲ್ಲಟ್ಟಿ ಘಾಟಿಯಿಂದ ಸಿಗ್ನಲ್ಲಿಗೆ

ಕನ್ನಡ ನಾಡಿನ ಬಹುತೇಕ ಜನ ಸೈಕಲ್ ಕಲಿತದ್ದು ರಬ್ಬರ್ ಪೆಡಲಿನ ಮೇಲೆ. ಎತ್ತರದ ಸೈಕಲ್ಲಿಗೆ ಕಾಲು ಎಟುಕದೆ ಫ್ರೇಮಿನೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆದವರು. ಬೀಳುವುದೆಂದರೆ ಕಾಲು ಊರುವುದು, ಅಷ್ಟೇ ಸರಳ. ಕ್ಲೀಟಿನ ಪೆಡಲು ಸ್ಪರ್ಧೆಯ ಸವಾರರ ಜೊತೆಗೆ ಇಲ್ಲಿಗೆ ಬಂತು. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ದೇಶದ ರಸ್ತೆ ಮತ್ತು ಟ್ರ್ಯಾಕ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದವರು. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸವಾರಿ ಕರ್ನಾಟಕ, ಕೇರಳ, ತಮಿಳುನಾಡಿನ ಘಾಟಿಗಳನ್ನು ಹತ್ತಿಸುತ್ತದೆ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯ 36 ತಿರುವುಗಳು ಅದರಲ್ಲಿ ಹೆಸರಾದವು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಬ್ರೆವೆ ಸವಾರಿಗಳೂ ಈಗ ಇಲ್ಲಿ ವಾಡಿಕೆಯಾಗಿವೆ.

ಅಂಥ ದಾರಿಯಲ್ಲಿ ಈ ಪೆಡಲು ಕೊಡುವುದೇನು? ಕಾಲನ್ನು ಮೇಲೆಳೆದು ಇಮ್ಮಡಿ ಬಲ ಪಡೆಯಬಹುದೆಂಬ ಮಾತು ಹಳೆಯದು. ತುಳಿತವನ್ನು ಅಳೆದು ನೋಡಿದವರು ಕಂಡದ್ದು ಬೇರೆ: ಅನುಭವಿ ಸವಾರನ ಬಲವೂ ಬಹುಪಾಲು ಬರುವುದು ಕೆಳಕ್ಕೆ ಒತ್ತುವಾಗಲೇ. ಪೆಡಲಿನ ನಿಜವಾದ ಉಪಕಾರ ಪಾದವನ್ನು ಜಾಗ ಬಿಡದಂತೆ ಇಡುವುದು. ಎಂಟನೆಯ ಗಂಟೆಯಲ್ಲಿ, ಮಳೆಯಲ್ಲಿ, ಕಣ್ಣು ಮಂಜಾದಾಗಲೂ ಪಾದ ಬೆಳಿಗ್ಗೆ ಇದ್ದಲ್ಲೇ ಇರುತ್ತದೆ.

ಹೊಸಬ ಬೀಳುವುದು ಘಾಟಿಯಲ್ಲಿ ಅಲ್ಲ, ಊರೊಳಗಿನ ಸಿಗ್ನಲ್ಲಿನಲ್ಲಿ. ಕೆಂಪು ದೀಪಕ್ಕೆ ಬ್ರೇಕ್ ಹಿಡಿದು ಸೈಕಲ್ ಪೂರ್ತಿ ನಿಂತ ಮೇಲೆ ಕಾಲಿನ ನೆನಪಾಗುತ್ತದೆ. ಅಷ್ಟರಲ್ಲಿ ಸೈಕಲ್ ವಾಲಿರುತ್ತದೆ. ರಬ್ಬರ್ ಪೆಡಲಿನ ಅಭ್ಯಾಸದಂತೆ ಕಾಲನ್ನು ನೇರ ಮೇಲೆತ್ತುತ್ತಾನೆ, ಅದು ಬರುವುದಿಲ್ಲ, ಮೊಣಕೈ ಮೇಲೆ ಉರುಳುತ್ತಾನೆ. ಅದಕ್ಕೇ ಹಳಬರು ಹೊಸ ಪೆಡಲು ಹಾಕಿಸಿದವರನ್ನು ಮೊದಲ ದಿನ ರಸ್ತೆಗೆ ಕಳಿಸುವುದಿಲ್ಲ. ಮನೆಯ ಅಂಗಳದಲ್ಲಿ ಒಂದು ಕೈ ಗೋಡೆಗೆ ಕೊಟ್ಟು ಸೈಕಲ್ ಮೇಲೆ ಕೂರಿಸುತ್ತಾರೆ. ಮೂತಿ ತೂರಿಸು, ಒತ್ತು, ಟಕ್. ಹಿಮ್ಮಡಿ ಹೊರಗೆ, ಟಕ್. ಬಲಗಾಲು ಐವತ್ತು ಸಲ, ಎಡಗಾಲು ಐವತ್ತು ಸಲ. ಪೀಸ್ ಡೇಲಿನ ಹ್ಯಾನ್ಸನ್ 1895ರಲ್ಲಿ ಯೋಚಿಸಿದ ಆ ಹೊರಳು ಕಾಲಿಗೆ ರೂಢಿಯಾದ ಮೇಲೆ ಗೇಟು ತೆರೆಯುತ್ತಾರೆ.